ಮಗಳ ಹೊಟ್ಟೆ ಕಾಯಿಲೆ ರಿಸರ್ಚಿನ ರಿಜಿಸ್ಟ್ರಿಗೆ ಸೇರಬಹುದಾ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಮಗಳಿಗೆ 26 ವರ್ಷ. ಎರಡು ವರ್ಷದಿಂದ ಊಟ ಸೇರುತ್ತಿಲ್ಲ. ನಾಲ್ಕು ತುತ್ತಿಗೆ ಹೊಟ್ಟೆ ಉಬ್ಬುತ್ತದೆ, ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತದೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ 'ಗ್ಯಾಸ್ಟ್ರೋಪರೇಸಿಸ್' ಅಂದರು. ಅಲ್ಲಿನ ಡಾಕ್ಟರು ಈಗ ರಿಸರ್ಚಿಗೆ ರಿಜಿಸ್ಟ್ರಿ ಮಾಡುತ್ತಿದ್ದೇವೆ, ಸೇರಿಕೊಳ್ಳಿ ಅಂತ ದೊಡ್ಡ ಫಾರಂ ಕೊಟ್ಟಿದ್ದಾರೆ. ಹೊಸ ಔಷಧಿ ಇಲ್ಲ, ದುಡ್ಡೂ ಇಲ್ಲ ಅಂತಾರೆ. ಹಾಗಾದರೆ ಯಾಕೆ ಸೇರಬೇಕು? ಮಗಳಿಗೆ ಗಂಡು ನೋಡುತ್ತಿದ್ದೇವೆ, ಹೆಸರು ಹೊರಗೆ ಬಂದರೆ ಏನು ಗತಿ? ಆಭಾ ಕಾರ್ಡ್ ಮಾಡಿಸಿದ್ದೇವಲ್ಲ, ಅದು ಸಾಲದಾ? ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಡಬಹುದಾ? ನಾನೇ ಸಹಿ ಹಾಕಿದರೆ ಆಗುತ್ತದಾ?

ಉತ್ತರ: ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಆಗುವುದಿಲ್ಲ. ಮಗಳಿಗೆ 18 ದಾಟಿದೆ. ಸಹಿ ಅವಳದೇ ಆಗಬೇಕು, ತೀರ್ಮಾನವೂ ಅವಳದೇ. ನೀವು ಪಕ್ಕದಲ್ಲಿ ಕೂತು ಫಾರಂ ಓದಿ, ಅನುಮಾನ ಇದ್ದದ್ದನ್ನು ಕೇಳಿ. ಆದರೆ ಅವಳ ಪರವಾಗಿ ಹೂಂ ಅನ್ನುವುದೂ ಬೇಡ, ಅವಳ ಪರವಾಗಿ ಬೇಡ ಅನ್ನುವುದೂ ಬೇಡ.

ರಿಜಿಸ್ಟ್ರಿ ಅಂದರೆ ಒಂದೇ ತರಹದ ಕಾಯಿಲೆಯವರ ವಿವರ ವರ್ಷಗಟ್ಟಲೆ ಬರೆದಿಡುವ ದಾಖಲೆ. ನನ್ನನ್ನು ಕೇಳಿದರೆ, ಅದಕ್ಕೆ ಸೇರುವುದು ಒಳ್ಳೆಯದು. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳಬೇಕಾಗುತ್ತದೆ.

ಹೊಟ್ಟೆಯಲ್ಲಿ ಹುಣ್ಣಿದ್ದರೆ ಎಂಡೋಸ್ಕೋಪಿಯಲ್ಲಿ ಕಾಣುತ್ತದೆ. ಗಡ್ಡೆ ಇದ್ದರೆ ಸ್ಕ್ಯಾನಿಂಗಿನಲ್ಲಿ ಸಿಗುತ್ತದೆ. ನಿಮ್ಮ ಮಗಳಿಗೆ ಇರುವುದು ಚಲನೆಯ ತೊಂದರೆ. ಜಠರದ ಗೋಡೆ ಹಿಂಡಿಕೊಳ್ಳುತ್ತಾ ಊಟವನ್ನು ಅರೆದು ಮುಂದಕ್ಕೆ ತಳ್ಳಬೇಕು. ಆರೋಗ್ಯವಂತರಲ್ಲಿ ನಿಮಿಷಕ್ಕೆ ಸುಮಾರು 3 ಅಲೆ ಏಳುತ್ತವೆ. ಆ ತಾಳ ಹಾಕುವುದಕ್ಕೆ ಕಹಾಲ್ ಜೀವಕೋಶಗಳು ಅಂತ ಇವೆ. ನೂರು ವರ್ಷಕ್ಕೂ ಹಿಂದೆ ಅವನ್ನು ಗುರುತಿಸಿದ ಸ್ಪೇನಿನ ವಿಜ್ಞಾನಿಯ ಹೆಸರು ಅದು. ಅಲೆ ಕುಂದಿದರೆ ಊಟ ಜಠರದಲ್ಲೇ ಗಂಟೆಗಟ್ಟಲೆ ಕೂತುಬಿಡುತ್ತದೆ. ಅದಕ್ಕೇ ಗ್ಯಾಸ್ಟ್ರೋಪರೇಸಿಸ್ ಅನ್ನುವುದು. ದಾರಿಗೆ ಏನೂ ಅಡ್ಡ ಇರುವುದಿಲ್ಲ. ಹಾಗಾಗಿ ರಿಪೋರ್ಟೆಲ್ಲ ನಾರ್ಮಲ್ ಬರುತ್ತದೆ, 'ಸುಮ್ನೆ ಟೆನ್ಷನ್ ಮಾಡ್ಕೊಂಡಿದೀಯ' ಅನ್ನುವ ಮಾತನ್ನೂ ಹುಡುಗಿ ಕೇಳಬೇಕಾಗುತ್ತದೆ. ನಿಮ್ಮ ಮಗಳೂ ಕೇಳಿರಬಹುದು. ಅದು ಸುಳ್ಳು ಮಾತು. ಅವಳ ತೊಂದರೆ ನಿಜ.

ಅನ್ನನಾಳದ ಕೆಳಬಾಯಿ ಸಡಿಲವಾಗದ ಅಕಲೇಶಿಯಾ, ಹುಟ್ಟಿದ ಮಗು ಮಲ ಮಾಡದೆ ಹೊಟ್ಟೆ ಉಬ್ಬಿಸಿಕೊಳ್ಳುವ ಹಿರ್ಷ್‌ಸ್ಪ್ರಂಗ್ ಕಾಯಿಲೆ ಕೂಡ ಚಲನೆಯ ತೊಂದರೆಗಳೇ. ಹಿರ್ಷ್‌ಸ್ಪ್ರಂಗ್ ಸುಮಾರು 5,000 ಹೆರಿಗೆಗೆ ಒಂದು. ಅಕಲೇಶಿಯಾ ವರ್ಷಕ್ಕೆ ಲಕ್ಷ ಜನರಲ್ಲಿ ಹೊಸದಾಗಿ ಬರುವುದು ಒಬ್ಬಿಬ್ಬರಿಗೆ. ಒಬ್ಬ ಡಾಕ್ಟರ ಕೈಗೆ ಇಂಥವರು ಎಷ್ಟು ಜನ ಸಿಗುತ್ತಾರೆ ಹೇಳಿ? ಸಿಕ್ಕವರಲ್ಲೂ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಹಳೆಯ ಆಪರೇಶನ್, ಮತ್ತೊಬ್ಬರಿಗೆ ಕಾರಣವೇ ಗೊತ್ತಿಲ್ಲ. ಕೈಬೆರಳೆಣಿಕೆಯ ರೋಗಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ.

ನಮ್ಮ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಮಳೆಲೆಕ್ಕ ಬರೆದಿಡುತ್ತಾರೆ. ಬೆಳಿಗ್ಗೆ ಎದ್ದು ಮಾಪಕ ನೋಡಿ ಡೈರಿಯಲ್ಲಿ ಇಷ್ಟು ಅಂತ ಗುರುತು ಹಾಕುತ್ತಾರೆ. ಒಂದು ದಿನದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಹತ್ತಾರು ಮನೆಯ ಇಪ್ಪತ್ತು ವರ್ಷದ ಡೈರಿ ಒಟ್ಟಿಗೆ ಇಟ್ಟರೆ ಮಳೆ ಹೇಗೆ ಬದಲಾಗಿದೆ ಅಂತ ಕಾಣುತ್ತದೆ. ಮಳೆ ಬಾರದ ದಿನ ಸೊನ್ನೆ ಅಂತ ಬರೆದವರ ಡೈರಿಗೇ ಬೆಲೆ ಜಾಸ್ತಿ. ರಿಜಿಸ್ಟ್ರಿಯೂ ಅಷ್ಟೇ. ಒಂದೇ ತರಹದ ಕಾಯಿಲೆಯ ನೂರಾರು ಜನರಿಗೆ ಒಂದೇ ಪ್ರಶ್ನೆಗಳನ್ನು ವರ್ಷಗಟ್ಟಲೆ ಕೇಳಿ ಬರೆದಿಡುವುದು.

ಹಾಗೆ ಬರೆದಿಟ್ಟದ್ದರಿಂದ ಏನು ಸಿಕ್ಕಿದೆ? ಅಮೆರಿಕದಲ್ಲಿ ಅಲ್ಲಿನ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2006ರಲ್ಲಿ ಕೆಲವು ದೊಡ್ಡ ಆಸ್ಪತ್ರೆಗಳನ್ನು ಸೇರಿಸಿ ಗ್ಯಾಸ್ಟ್ರೋಪರೇಸಿಸ್‌ಗೆ ಅಂತಲೇ ಒಂದು ಕೂಟ ಕಟ್ಟಿತು. ಅಲ್ಲಿನ ರಿಜಿಸ್ಟ್ರಿಯಿಂದ 2021ರಲ್ಲಿ ಬಂದ ಒಂದು ವರದಿ ನಿಮ್ಮ ಮಗಳಿಗೆ ನೇರವಾಗಿ ಸಂಬಂಧಿಸಿದ್ದು. 12 ವರ್ಷದಲ್ಲಿ ಸೇರಿದ 944 ಜನರ ಲೆಕ್ಕ ಅದು. ಶುರುವಿನಲ್ಲಿ ಒಂದಷ್ಟು ಜನರಿಗೆ ಗ್ಯಾಸ್ಟ್ರೋಪರೇಸಿಸ್ ಅಂತ ಹೆಸರಿಟ್ಟಿದ್ದರು. ಉಳಿದವರಿಗೆ ತೊಂದರೆ ಹಾಗೇ ಇದ್ದರೂ ಜಠರ ಖಾಲಿಯಾಗುವ ವೇಗ ಸರಿ ಇತ್ತು. ಅವರಿಗೆ ಫಂಕ್ಷನಲ್ ಡಿಸ್ಪೆಪ್ಸಿಯಾ ಅಂತ ಹೆಸರಿಟ್ಟಿದ್ದರು. 48 ವಾರದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದಾಗ ಮೊದಲ ಗುಂಪಿನ 42 ಶೇಕಡಾ ಜನ ಎರಡನೇ ಗುಂಪಿಗೆ ಬಂದರು, ಎರಡನೇ ಗುಂಪಿನ 37 ಶೇಕಡಾ ಜನ ಮೊದಲನೆಯದಕ್ಕೆ ಹೋದರು. ಅಂದರೆ ನಾವು ಎರಡು ಕಾಯಿಲೆ ಅಂದುಕೊಂಡದ್ದು ಒಂದೇ ಕಾಯಿಲೆಯ ಎರಡು ಮುಖ ಇರಬಹುದು. ನಾಳೆ ಇನ್ನೊಬ್ಬ ಡಾಕ್ಟರು ನಿಮ್ಮ ಮಗಳಿಗೆ ಬೇರೆ ಹೆಸರು ಹೇಳಿದರೆ 'ಹಿಂದಿನವರು ತಪ್ಪು ಹೇಳಿದರು' ಅಂತ ಗಾಬರಿಯಾಗಬೇಡಿ. ಒಂದು ಆಸ್ಪತ್ರೆಯ ಒಂದು ದಿನದ ಪರೀಕ್ಷೆಯಿಂದ ಈ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಜನರನ್ನು ವರ್ಷದ ಮೇಲೆ ಮತ್ತೆ ಕರೆದು ನೋಡಿದ್ದರಿಂದ ಗೊತ್ತಾಯಿತು.

ಅದೇ ಕೂಟ 130 ಜನರ ಮೇಲೆ ನಾರ್ಟ್ರಿಪ್ಟಿಲಿನ್ ಅನ್ನುವ ಮಾತ್ರೆಯ ಪರೀಕ್ಷೆ ಮಾಡಿತು. ಕಾರಣ ಗೊತ್ತಿಲ್ಲದ ಗ್ಯಾಸ್ಟ್ರೋಪರೇಸಿಸ್‌ಗೆ ಅದನ್ನು ಡಾಕ್ಟರುಗಳು ಬರೆದುಕೊಡುವುದಿತ್ತು. 2013ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ 23 ಶೇಕಡಾ ಜನರಿಗೆ ಗುಣ ಕಂಡಿತ್ತು, ಔಷಧಿಯೇ ಇಲ್ಲದ ಬರೀ ಸಪ್ಪೆ ಮಾತ್ರೆ ನುಂಗಿದವರಲ್ಲಿ 21 ಶೇಕಡಾ. ಏನೂ ವ್ಯತ್ಯಾಸವಿಲ್ಲ ಅಂತಾಯಿತು. ಕೆಲಸ ಮಾಡದ ಔಷಧಿ ಯಾವುದು ಅಂತ ತಿಳಿಯುವುದೂ ರೋಗಿಗೆ ದೊಡ್ಡ ಉಪಕಾರ ಅಲ್ವಾ? ಇನ್ನು ಕೆಲವರು ಆಪರೇಶನ್ ಸಮಯದಲ್ಲಿ ಜಠರದ ಗೋಡೆಯ ಸಣ್ಣ ತುಣುಕನ್ನು ಅಭ್ಯಾಸಕ್ಕೆ ಕೊಟ್ಟರು. ಅದರಲ್ಲೇ ಕಹಾಲ್ ಜೀವಕೋಶಗಳು ಕಡಿಮೆಯಾಗಿರುವುದು ಕಣ್ಣಿಗೆ ಕಂಡಿತು. ಏನೂ ಕಾಣುವುದಿಲ್ಲ ಅನ್ನುವ ಕಾಯಿಲೆಯಲ್ಲಿ ಕಾಣುವಂಥದ್ದು ಸಿಕ್ಕಿತು.

ನಮ್ಮ ಶಿವಮೊಗ್ಗ ಜಿಲ್ಲೆಗೂ ಹೀಗೆ ಬರೆದಿಡುವುದು ಹೊಸದಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನಿಮಗೆ ಗೊತ್ತಿರಬೇಕು. 1970ರ ದಶಕದಲ್ಲಿ ಸೊಂಟ, ಮಂಡಿ ಕೀಲು ಸವೆದು ನಡೆಯಲಾರದೆ ಹೋದವರ ಸುದ್ದಿ ಹೊರಗೆ ಬಂತು. ಗದ್ದೆಯ ಏಡಿ ತಿಂದಿದ್ದಕ್ಕೆ ಹೀಗಾಗಿದೆ, ಏಡಿಗೆ ಕೀಟನಾಶಕ ಸೇರಿದೆ ಅಂತ ಜನ ನಂಬಿದರು. ಆಮೇಲೆ ಮನೆ ಮನೆಗೆ ಹೋಗಿ ಅಜ್ಜ, ಅಪ್ಪ, ಮಗ, ಮೊಮ್ಮಗ ಅಂತ ಯಾರಿಗಿದೆ ಯಾರಿಗಿಲ್ಲ ಅಂತ ವಂಶದ ಪಟ್ಟಿ ಮಾಡಿದರು. ಆಗ ಇದು ಹೆತ್ತವರಿಂದ ಮಕ್ಕಳಿಗೆ ಬರುವ ಎಲುಬಿನ ಕಾಯಿಲೆ ಅಂತ ಸ್ಪಷ್ಟವಾಯಿತು. ರೋಗ ಇಲ್ಲದವರ ಹೆಸರನ್ನೂ ಬರೆದದ್ದರಿಂದಲೇ ಅದು ಸಾಧ್ಯವಾಯಿತು.

ಅಮೆರಿಕದ ಲೆಕ್ಕ ಇದ್ದ ಮೇಲೆ ನಮ್ಮದೇಕೆ ಬೇಕು ಅಂತ ಕೇಳಬಹುದು. ನಮ್ಮ ಊಟ ಬೇರೆ, ನಮ್ಮ ಅಭ್ಯಾಸ ಬೇರೆ. ಜಠರ ಖಾಲಿಯಾಗುವ ವೇಗ ಅಳೆಯಲು ನಿಮ್ಮ ಮಗಳಿಗೂ ಮಾಡಿರಬಹುದಾದ ಪರೀಕ್ಷೆಯನ್ನೇ ನೋಡಿ. ಅಲ್ಲಿನ ಪದ್ಧತಿಯಲ್ಲಿ ಮೊಟ್ಟೆಯ ಬಿಳಿಭಾಗಕ್ಕೆ ಚೂರೇ ಚೂರು ವಿಕಿರಣದ ವಸ್ತು ಬೆರೆಸಿ, ಬ್ರೆಡ್ಡು ಜಾಮಿನ ಜೊತೆ ತಿನ್ನಿಸುತ್ತಾರೆ. ತಿಂದ ಕೂಡಲೇ ಒಂದು ಚಿತ್ರ, ಆಮೇಲೆ 1, 2, 4 ಗಂಟೆಗೆ ಕ್ಯಾಮೆರಾದ ಮುಂದೆ ನಿಲ್ಲಿಸಿ ಮತ್ತೆ ಚಿತ್ರ. 4 ಗಂಟೆಯಾದರೂ 10 ಶೇಕಡಾಕ್ಕಿಂತ ಜಾಸ್ತಿ ಊಟ ಜಠರದಲ್ಲೇ ಉಳಿದಿದ್ದರೆ ನಿಧಾನ ಅಂತ ಲೆಕ್ಕ. ಆದರೆ ಈ 10 ಅನ್ನುವ ಸಂಖ್ಯೆ ಆ ಊಟಕ್ಕೆ ಮಾತ್ರ ಸರಿ. ಮೊಟ್ಟೆ ಮುಟ್ಟದ ಮನೆಯವರಿಗೆ ಇಡ್ಲಿಯನ್ನೋ ಇನ್ನೇನನ್ನೋ ಕೊಟ್ಟರೆ ಖಾಲಿಯಾಗುವ ವೇಗ ಬೇರೆ ಇರುತ್ತದೆ, ನಾರ್ಮಲ್ ಯಾವುದು ಅಂತ ಬೇರೆಯಾಗಿಯೇ ಗೊತ್ತು ಮಾಡಬೇಕು. ಮಗಳಿಗೆ ಯಾವ ಊಟ ಕೊಟ್ಟು ಪರೀಕ್ಷೆ ಮಾಡಿದರು ಅಂತ ರಿಜಿಸ್ಟ್ರಿಯಲ್ಲಿ ಬರೆಸಲೇಬೇಕು. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಬದಿಯಲ್ಲಿ ಬರೆಸಿ.

ಕವಳದ, ಅಂದರೆ ಎಲೆ ಅಡಿಕೆಯ ವಿಷಯವೂ ಹಾಗೇ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಕರುಳಿನ ನರಗಳ ಸಂದೇಶವನ್ನೇ ಹೋಲುತ್ತದೆ, ಜೊಲ್ಲು ಸುರಿಸುತ್ತದೆ, ಕರುಳನ್ನು ಚುರುಕು ಮಾಡುತ್ತದೆ. ಹೊರದೇಶದಲ್ಲಿ ಮಾಡಿದ ಫಾರಂನಲ್ಲಿ ಸಿಗರೇಟು, ಮದ್ಯದ ಪ್ರಶ್ನೆ ಇರುತ್ತದೆ, ಎಲೆ ಅಡಿಕೆಯ ಪ್ರಶ್ನೆ ಇರುವುದು ಅಪರೂಪ. ಮಲೆನಾಡಿನ ರೋಗಿಯ ಹತ್ತಿರ ಅದನ್ನು ಕೇಳದೆ ಬಿಟ್ಟರೆ ಲೆಕ್ಕದಲ್ಲಿ ದೊಡ್ಡ ತೂತು ಉಳಿಯುತ್ತದೆ. ಮಲಬದ್ಧತೆಯ ಅಳತೆಯೂ ಅಂಥದ್ದೇ. ವಾರಕ್ಕೆ 3 ಸಲಕ್ಕಿಂತ ಕಡಿಮೆಯಾದರೆ ಮಲಬದ್ಧತೆ ಅನ್ನುವುದು ಪಶ್ಚಿಮದ ಅಳತೆ. ನಮ್ಮಲ್ಲಿ ಹೆಚ್ಚಿನವರಿಗೆ ದಿನಕ್ಕೊಂದು ಸಲ ಆಗುವುದೇ ಸಹಜ. ಎರಡು ದಿನಕ್ಕೊಮ್ಮೆ ಆಗಿ ಒದ್ದಾಡುವವರು ಆ ಅಳತೆಯಲ್ಲಿ ಆರೋಗ್ಯವಂತರ ಪಟ್ಟಿಗೆ ಸೇರಿಬಿಡುತ್ತಾರೆ. ಇದೆಲ್ಲ ತಿದ್ದಬೇಕಾದರೆ ನಮ್ಮ ಜನರ ಲೆಕ್ಕವೇ ಬೇಕು. ಅದರಲ್ಲೂ ಬೆಂಗಳೂರಿನವರದ್ದು ಮಾತ್ರ ಸಾಲದು. ಘಾಟಿ ಇಳಿದು ಮಣಿಪಾಲಕ್ಕೋ, ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೋ ಹೋಗುವವರದ್ದೂ ಸೇರಬೇಕು.

ಈಗ ನಿಮಗೆ ಜಾಸ್ತಿ ಚಿಂತೆಯಿರುವ ವಿಷಯ, ಹೆಸರು ಹೊರಗೆ ಬರುವುದು.

ಸರಿಯಾಗಿ ನಡೆಯುವ ರಿಜಿಸ್ಟ್ರಿಯಲ್ಲಿ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ. ಯಾವ ಸಂಖ್ಯೆ ಯಾರದು ಅನ್ನುವ ಪಟ್ಟಿ ಬೇರೆ ಕಡೆ, ಒಬ್ಬಿಬ್ಬರ ಕೈಯಲ್ಲಿ ಮಾತ್ರ ಇರುತ್ತದೆ. ಅಭ್ಯಾಸ ಮಾಡುವವರಿಗೆ ಸಿಗುವುದು ಸಂಖ್ಯೆ ಮಾತ್ರ. ಆದರೆ ನಮ್ಮಂಥ ಊರುಗಳಿಗೆ ಇದು ಪೂರ್ತಿ ಸಾಕಾಗುವುದಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹತ್ತು ಮನೆಯ ಊರಿನಲ್ಲಿ '26 ವರ್ಷದ ಹುಡುಗಿ, ಇಂಥ ಕಾಯಿಲೆ' ಅಂತ ಬರೆದು ಊರಿನ ಹೆಸರು ಹಾಕಿದರೆ ಹೆಸರೇ ಹಾಕಬೇಕಾಗಿಲ್ಲ, ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಡಾಕ್ಟರನ್ನು ಹೀಗೆ ಕೇಳಿ: ಬೇರೆಯವರಿಗೆ ಕೊಡುವ ಮಾಹಿತಿಯಲ್ಲಿ ಊರಿನ ಹೆಸರು, ಪಿನ್‌ಕೋಡ್, ಹುಟ್ಟಿದ ತಾರೀಖು ಇರುತ್ತದಾ? ಜಿಲ್ಲೆಯ ಹೆಸರು ಮತ್ತು ವಯಸ್ಸಿನ ಅಂದಾಜು ಮಾತ್ರ ಸಾಕಲ್ಲವಾ? ಒಳ್ಳೆಯ ತಂಡಕ್ಕೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ಬೇಜಾರು ಮಾಡಿಕೊಂಡು ಹಾರಿಕೆ ಉತ್ತರ ಕೊಟ್ಟರೆ ಸೇರಬೇಡಿ. ಮಾಹಿತಿ ಔಷಧಿ ಕಂಪನಿಗೆ ಹೋಗುತ್ತದಾ, ಇನ್ಶೂರೆನ್ಸಿನವರಿಗೆ ಸಿಗುತ್ತದಾ, ಹೊರದೇಶಕ್ಕೆ ಕಳಿಸುತ್ತಾರಾ ಅಂತಲೂ ಕೇಳಿ. ಉತ್ತರ ಫಾರಂನಲ್ಲೇ ಬರೆದಿರಬೇಕು, ಬಾಯಿಮಾತು ಸಾಲದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಅಂತ 2023ರಲ್ಲಿ ನಮ್ಮ ದೇಶದಲ್ಲಿ ಕಾಯಿದೆಯೂ ಆಗಿದೆ.

ಮದುವೆ ವಿಷಯದಲ್ಲಿ ಒಂದು ಮಾತು. ಗಂಡಿನ ಕಡೆಯವರಿಗೆ ಏನು ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ಮಗಳ ಹಕ್ಕು, ರಿಜಿಸ್ಟ್ರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಾಯಿಲೆ ಮುಚ್ಚಿಟ್ಟು ಮದುವೆಯಾಗಿ, ಹೊಸ ಮನೆಯಲ್ಲಿ ಎಲ್ಲರ ಎದುರು ಬಾಳೆ ತುಂಬಾ ಬಡಿಸಿದ್ದನ್ನು ಉಣ್ಣಲೇಬೇಕಾದ ಹುಡುಗಿಯ ಕಷ್ಟ ನೀವೇ ಯೋಚಿಸಿ. ನಾನಂತೂ ಹುಡುಗನಿಗಾದರೂ ಮೊದಲೇ ತಿಳಿಸಿ ಅನ್ನುತ್ತೇನೆ.

ಆಭಾ ಕಾರ್ಡಿನ ಬಗ್ಗೆ ಕೇಳಿದ್ದೀರಿ. ಅದು ಬೇರೆ, ಇದು ಬೇರೆ. ಆಭಾ ಅಂದರೆ 14 ಅಂಕಿಯ ಒಂದು ನಂಬರ್. ನಿಮ್ಮ ರಿಪೋರ್ಟುಗಳನ್ನು ಒಂದು ಕಡೆ ಜೋಡಿಸಿಕೊಂಡು ನಿಮ್ಮ ಒಪ್ಪಿಗೆಯ ಮೇಲೆ ಬೇರೆ ಡಾಕ್ಟರಿಗೆ ತೋರಿಸಲು ಇರುವ ವ್ಯವಸ್ಥೆ. ಅದು ಯಾರನ್ನೂ 'ಈ ವಾರ ಊಟ ಹೇಗಿತ್ತು' ಅಂತ ಕೇಳುವುದಿಲ್ಲ. ಸಿಟಿಆರ್‌ಐ ಅನ್ನುವ ಇನ್ನೊಂದು ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಅದು 2007ರಲ್ಲಿ ಶುರುವಾದದ್ದು, ದೇಶದಲ್ಲಿ ನಡೆಯುವ ಔಷಧಿ ಪರೀಕ್ಷೆಗಳ ಪಟ್ಟಿ. ಅಲ್ಲಿ ನೋಂದಣಿಯಾಗುವುದು ರೋಗಿಯಲ್ಲ, ಪರೀಕ್ಷೆ. ಮುಂದೆ ಯಾರಾದರೂ ಹೊಸ ಮಾತ್ರೆಯ ಪರೀಕ್ಷೆಗೆ ಕರೆದರೆ ಅದರ ಸಿಟಿಆರ್‌ಐ ನಂಬರ್ ಕೇಳುವುದನ್ನು ಮರೆಯಬೇಡಿ. ಈಗಿನ ಸಹಿ ರಿಜಿಸ್ಟ್ರಿಗೆ ಮಾತ್ರ. ಔಷಧಿ ಪರೀಕ್ಷೆಗೆ, ರಕ್ತದಿಂದ ವಂಶವಾಹಿ ನೋಡುವುದಕ್ಕೆ, ಜಠರದ ತುಣುಕು ತೆಗೆಯುವುದಕ್ಕೆ ಬೇರೆ ಬೇರೆ ಒಪ್ಪಿಗೆ ತೆಗೆದುಕೊಳ್ಳಬೇಕು. ಒಂದೇ ಸಹಿಯಲ್ಲಿ ಎಲ್ಲವನ್ನೂ ತುರುಕಿದ್ದರೆ ಬೇಡದ್ದನ್ನು ಹೊಡೆದುಹಾಕಿಸಿ.

ಮಧ್ಯದಲ್ಲಿ ಬಿಡಬಹುದು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ. ಬಿಟ್ಟಿದ್ದಕ್ಕೆ ಚಿಕಿತ್ಸೆಯಲ್ಲಿ ಏನೂ ಕೊರತೆ ಮಾಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಬಿಡುವ ಹೊತ್ತಿಗೆ ಆಗಲೇ ಬರೆದಿಟ್ಟ ಮಾಹಿತಿಯನ್ನು ಅಳಿಸುತ್ತಾರಾ, ಇಟ್ಟುಕೊಳ್ಳುತ್ತಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಬಿಡುವ ಹಕ್ಕಿದೆ ಅಂತ ಹೇಳಿದ ಬಾಯಲ್ಲೇ ಇನ್ನೊಂದು ಕೇಳಿಕೊಳ್ಳುತ್ತೇನೆ. ಸೇರಿದ ಮೇಲೆ ಸುಮ್ಮನೆ ಮಾಯವಾಗಬೇಡಿ. ಎಷ್ಟೋ ರಿಜಿಸ್ಟ್ರಿಗಳು ಹಾಳಾಗುವುದು ಇಲ್ಲೇ. ಆರು ತಿಂಗಳಿಗೊಮ್ಮೆ ಫೋನ್ ಬರುತ್ತದೆ ಅಂತ ಇಟ್ಟುಕೊಳ್ಳಿ. ಗುಣವಾದವರು 'ಇನ್ನೇನಿದೆ ಹೇಳೋದಕ್ಕೆ' ಅಂತ ಫೋನ್ ತೆಗೆಯುವುದಿಲ್ಲ. ತೀರಾ ಸೋತವರು 'ಹೇಳಿ ಏನು ಪ್ರಯೋಜನ' ಅಂತ ತೆಗೆಯುವುದಿಲ್ಲ. ಉಳಿದ ಮಧ್ಯದವರ ಲೆಕ್ಕ ನೋಡಿ ನಾವು ಔಷಧಿಯ ಬಗ್ಗೆ ಏನು ಹೇಳಿದರೂ ಅದು ಅರ್ಧ ಸತ್ಯ. ಅಮೆರಿಕದ ರಿಜಿಸ್ಟ್ರಿಯಲ್ಲಿ 262 ಜನರನ್ನು 48 ವಾರ ಬಿಡದೆ ಕೇಳಿದಾಗ 28 ಶೇಕಡಾ ಜನರಿಗೆ ಎದ್ದು ಕಾಣುವಷ್ಟು ಗುಣವಾಗಿತ್ತು. ಅದು ದೊಡ್ಡ ಆಸ್ಪತ್ರೆಗಳಿಗೆ ಬಂದವರ ಲೆಕ್ಕ, ಅದನ್ನೇ ಮಗಳಿಗೆ ಭವಿಷ್ಯ ಅಂತ ತಿಳಿಯಬೇಡಿ. ಅದರಲ್ಲೊಂದು ಉಪಯೋಗದ ವಿಷಯ ಸಿಕ್ಕಿತು. ಜ್ವರವೋ ವಾಂತಿಭೇದಿಯೋ ಬಂದು ಅದರ ಬೆನ್ನಿಗೆ ಶುರುವಾದವರಿಗೆ ಗುಣ ಕಾಣುವ ಸಾಧ್ಯತೆ ಹೆಚ್ಚಿತ್ತು. ನಿಮ್ಮ ಮಗಳಿಗೆ ಎರಡು ವರ್ಷದ ಹಿಂದೆ ಹೇಗೆ ಶುರುವಾಯಿತು ಅಂತ ನೆನಪು ಮಾಡಿಕೊಂಡು ಫಾರಂನಲ್ಲಿ ಬರೆಸಿ. ಯಾರದ್ದಾದರೂ ಮದುವೆ ಮನೆಯ ಊಟದ ನಂತರವಾ, ಮಳೆಗಾಲದ ಜ್ವರದ ನಂತರವಾ, ಹೀಗೆ ಯೋಚಿಸಿದರೆ ನೆನಪಾಗುತ್ತದೆ.

ಫಾರಂನಲ್ಲಿ ಒಂದು ಭಾಗದಲ್ಲಿ 9 ಲಕ್ಷಣ ಇರಬಹುದು. ಹೊಟ್ಟೆ ತೊಳಸುವುದು, ಬರೀ ಓಕರಿಕೆ, ವಾಂತಿ, ಹೊಟ್ಟೆ ಭಾರ, ಬಡಿಸಿದ್ದನ್ನು ಮುಗಿಸಲಾಗದಿರುವುದು, ಉಂಡ ಮೇಲೆ ವಿಪರೀತ ತುಂಬಿದಂತಾಗುವುದು, ಹಸಿವಿಲ್ಲದಿರುವುದು, ಉಬ್ಬರ, ನೋಡಿದರೆ ಹೊಟ್ಟೆ ದೊಡ್ಡದಾಗಿ ಕಾಣುವುದು. ಕಳೆದ ಎರಡು ವಾರದಲ್ಲಿ ಪ್ರತಿಯೊಂದೂ ಎಷ್ಟಿತ್ತು ಅಂತ 0ಯಿಂದ 5ರ ವರೆಗೆ ಅಂಕ ಕೊಡಬೇಕು. ಇದನ್ನು ಮಗಳೇ ತುಂಬಬೇಕು, ನೀವು ತುಂಬಬೇಡಿ. ಅಮ್ಮಂದಿರು ಪ್ರೀತಿಗೆ ಎಲ್ಲದಕ್ಕೂ 5 ಹಾಕುತ್ತಾರೆ, ಹೆಣ್ಣುಮಕ್ಕಳು ಸಂಕೋಚಕ್ಕೆ 2 ಹಾಕುತ್ತಾರೆ. ಎರಡು ವಾರ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ಬರೆದುಕೊಂಡರೆ ಅಂಕ ಸರಿಯಾಗಿ ಬರುತ್ತದೆ. ಎಷ್ಟು ಹೊತ್ತಿಗೆ ಏನು ಉಂಡಳು, ಗಂಜಿಯಾ, ಅನ್ನ ಸಾರಾ, ಕರಿದದ್ದಾ, ಎಷ್ಟು ಹೊತ್ತಿಗೆ ವಾಂತಿಯಾಯಿತು. ಮುಟ್ಟಿನ ದಿನಗಳನ್ನೂ ಗುರುತು ಹಾಕಲಿ, ಆ ದಿನಗಳಲ್ಲಿ ಕೆಲವರಿಗೆ ತೊಂದರೆ ಹೆಚ್ಚುತ್ತದೆ.

ಔಷಧಿಗಳ ಪಟ್ಟಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಆಯುರ್ವೇದದ ಕಷಾಯ, ನಾಟಿ ಔಷಧಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಾತ್ರೆ, ಎಲ್ಲವೂ ಇರಲಿ. ಸಿಸಾಪ್ರೈಡ್ ಅಂತ ಒಂದು ಮಾತ್ರೆ ಹೊಟ್ಟೆಯ ಚಲನೆಗೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕೆಲವರಲ್ಲಿ ಅದು ಎದೆಬಡಿತದ ತಾಳ ತಪ್ಪಿಸಿ ಪ್ರಾಣಕ್ಕೇ ಎರವಾಗುತ್ತದೆ ಅಂತ ಗೊತ್ತಾದದ್ದು ಮಾರಾಟಕ್ಕೆ ಬಂದ ಮೇಲೆ, ರೋಗಿಗಳಿಗೆ ಆದದ್ದನ್ನು ಬರೆದಿಟ್ಟಿದ್ದರಿಂದ. 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯಿತು, ನಮ್ಮಲ್ಲಿ 2011ರಲ್ಲಿ ನಿಷೇಧವಾಯಿತು. ಈಗ ಬಳಕೆಯಲ್ಲಿರುವ ಮೆಟೊಕ್ಲೋಪ್ರಮೈಡ್ ತಿಂಗಳುಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ತುಟಿ, ನಾಲಿಗೆ ತಾನಾಗಿಯೇ ಅಲುಗಾಡುವ ತೊಂದರೆ ಬರುತ್ತದೆ, ಮಾತ್ರೆ ನಿಲ್ಲಿಸಿದರೂ ಅದು ಉಳಿದುಬಿಡಬಹುದು. ಹಳೆಯ ಚೀಟಿ ತೋರಿಸಿ ಇದನ್ನು ಮತ್ತೆ ಮತ್ತೆ ತರಬೇಡಿ.

ರಿಜಿಸ್ಟ್ರಿಗೆ ನೀವು ಒಂದು ಪೈಸೆಯೂ ಕೊಡಬೇಕಾಗಿಲ್ಲ. ಯಾರಾದರೂ ನೋಂದಣಿ ಶುಲ್ಕ ಅಂತ ಕೇಳಿದರೆ ಅಲ್ಲೇ ಬಿಡಿ. ರಿಸರ್ಚಿಗೆ ಅಂತಲೇ ಬೇರೆಯಾಗಿ ಬಾ ಅಂದರೆ ಬಸ್ ಚಾರ್ಜು ಕೊಡುತ್ತೀರಾ ಅಂತ ಕೇಳುವುದರಲ್ಲಿ ನಾಚಿಕೆಯಿಲ್ಲ, ಅದಕ್ಕೆ ನಿಯಮದಲ್ಲಿ ಅವಕಾಶವಿದೆ. ಮಳೆಗಾಲದಲ್ಲಿ ಬರಲಾಗುವುದಿಲ್ಲ, ಫೋನಿನಲ್ಲೇ ಕೇಳಿ ಅಂತಲೂ ಹೇಳಬಹುದು. ನಿಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಯಲ್ಲಿರುವ ನೆಂಟರ ನಂಬರನ್ನೂ ಕೊಡಿ, ಆದರೆ ಅವರಿಗೆ ವಿಷಯ ತಿಳಿಯುವುದು ಮಗಳಿಗೆ ಒಪ್ಪಿಗೆಯಾದರೆ ಮಾತ್ರ.

ಒಂದು ಎಚ್ಚರಿಕೆ. ರಿಜಿಸ್ಟ್ರಿಯ ಫೋನು ಚಿಕಿತ್ಸೆಯಲ್ಲ. ನೀರು ಕುಡಿದರೂ ನಿಲ್ಲದೆ ದಿನವಿಡೀ ವಾಂತಿಯಾದರೆ, ಮೂತ್ರ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತೂಕ ಸರ್ರನೆ ಇಳಿದರೆ ಮುಂದಿನ ಕರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಫಾರಂ ಇಂಗ್ಲಿಷಿನಲ್ಲಿದ್ದರೆ ಕನ್ನಡದ್ದು ಕೇಳಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಅಲ್ಲೇ ನಿಂತು ಸಹಿ ಹಾಕಬೇಕು ಅಂತೇನಿಲ್ಲ. ಮನೆಗೆ ತಂದು, ಮಗಳು ಒಬ್ಬಳೇ ಕೂತು ಓದಿ, ಮುಂದಿನ ಸಲ ಹೋದಾಗ ಸಹಿ ಹಾಕಲಿ. ಸಹಿಯಾದ ಮೇಲೆ ಒಂದು ಪ್ರತಿ ಅವಳಿಗೆ ಕೊಡಬೇಕು. ಅದರಲ್ಲಿ ಡಾಕ್ಟರ ಫೋನ್ ನಂಬರ್ ಮತ್ತು ರಿಸರ್ಚು ಸರಿಯಾಗಿ ನಡೆಯುತ್ತದಾ ಅಂತ ನೋಡುವ ಆಸ್ಪತ್ರೆಯ ನೈತಿಕ ಸಮಿತಿಯ ನಂಬರ್ ಎರಡೂ ಇವೆಯಾ ನೋಡಿಕೊಂಡು, ರಿಪೋರ್ಟಿನ ಫೈಲಿನಲ್ಲೇ ಇಟ್ಟುಕೊಳ್ಳಿ.